ಹಿಂಬದಿ ಇಲ್ಲದ ಸ್ಟಾಲ್: ಎಕ್ಸ್‌ಪೋದಲ್ಲಿ ನಾಲ್ಕೂ ಕಡೆ ತೆರೆದ ದೊಡ್ಡ ಮಳಿಗೆ ಹಾಕುವ ಮುನ್ನ

ತುಮಕೂರಿನ ಅಂತರಸನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಅಡಿಕೆ ಸುಲಿಯುವ ಯಂತ್ರ, ತೆಂಗಿನಕಾಯಿ ಸುಲಿಯುವ ಯಂತ್ರ ಮಾಡುತ್ತೇವೆ. ಸಿದ್ಧಗಂಗಾ ಜಾತ್ರೆಯ ವಸ್ತುಪ್ರದರ್ಶನದಲ್ಲಿ ಹತ್ತಡಿ ಮಳಿಗೆ ಹಾಕಿ ಅಭ್ಯಾಸ. ಬೆನ್ನಿಗೊಂದು ತಗಡು, ಎರಡು ಪಕ್ಕಕ್ಕೆ ಬಟ್ಟೆ, ಮುಂದೊಂದು ಮೇಜು. ಅಷ್ಟೇ.

ಬೆಂಗಳೂರಿನ ಒಂದು ಎಕ್ಸ್‌ಪೋದಲ್ಲಿ ಮೊದಲ ಸಲ ನಾಲ್ಕೂ ಕಡೆ ತೆರೆದ 36 ಚದರ ಮೀಟರ್ ಜಾಗ ಹಿಡಿದಾಗ, ಅದೇ ಜಾತ್ರೆ ಮಳಿಗೆಯನ್ನು ದೊಡ್ಡದು ಮಾಡಿ ಕಟ್ಟಿಸಿಬಿಟ್ಟೆವು. ಎತ್ತರದ ಒಂದು ಗೋಡೆ. ಅದರ ಮುಂಭಾಗಕ್ಕೆ ಹೆಸರು, ಫೋಟೋ, ಲೈಟು ಎಲ್ಲ. ಹಿಂಭಾಗಕ್ಕೆ ಬರೀ ಪ್ಲೈವುಡ್, ನೇತಾಡುವ ವೈರು, ನೀರಿನ ಕ್ಯಾನು, ನಮ್ಮ ಹುಡುಗರ ಬ್ಯಾಗು. ಊಟ ಮುಗಿಸಿ ಬರುವ ಜನರ ದಾರಿ ಸರಿಯಾಗಿ ಆ ಹಿಂಭಾಗಕ್ಕೇ ಬರುತ್ತಿತ್ತು. ಮಧ್ಯಾಹ್ನ ಒಬ್ಬರು ಬಂದು, "ಇಲ್ಲಿನ್ನೂ ಕೆಲಸ ನಡೀತಾ ಇದೆಯಾ ಸಾರ್?" ಎಂದು ಕೇಳಿದರು. ಆಗ ಅರ್ಥವಾಯಿತು. ಈ ಥರದ ಸ್ಟಾಲಿಗೆ ಹಿಂಬದಿ ಅನ್ನುವುದೇ ಇಲ್ಲ.

ಗುಬ್ಬಿ ಕಂಪನಿ ನಾಟಕದ ಸೀಮೆಯವರು ನಾವು, ಹಾಗಾಗಿ ಹೀಗೆ ಹೇಳುತ್ತೇನೆ. ಮಾಮೂಲಿ ಸ್ಟಾಲು ಕಂಪನಿ ನಾಟಕದ ರಂಗದ ಹಾಗೆ. ಹಿಂದೆ ಪರದೆ, ಪಕ್ಕದಲ್ಲಿ ಸೈಡ್ ವಿಂಗ್, ಜನ ಎದುರಿಗೆ. ನಾಲ್ಕು ಕಡೆ ತೆರೆದ ಸ್ಟಾಲು ಸಂತೆಯ ದೊಂಬರಾಟದ ಹಾಗೆ. ಜನ ಸುತ್ತಲೂ ನಿಲ್ಲುತ್ತಾರೆ. ವೇಷ ಬದಲಿಸಲು ಮರೆ ಇಲ್ಲ. ಆಟ ಗೊತ್ತಿದ್ದರೆ ಸಂತೆಯಲ್ಲೇ ಜನ ಜಾಸ್ತಿ. ಗೊತ್ತಿಲ್ಲದಿದ್ದರೆ ಮಾನ ಹೋಗುವುದೂ ಅಲ್ಲೇ ಜಾಸ್ತಿ.

ಯಾವುದು ಯಾವುದು, ನಿಮಗೆ ಯಾವುದು

ಆಯೋಜಕರು ಜಾಗ ಮಾರುವಾಗ ಎಷ್ಟು ಬದಿ ತೆರೆದಿದೆ ಎಂದು ಹೇಳುತ್ತಾರೆ. ಒಂದು ಬದಿ ತೆರೆದದ್ದು ಸಾಲಿನ ಸ್ಟಾಲ್. ಎರಡು ಬದಿ ಆದರೆ ಕಾರ್ನರ್. ಮೂರು ಬದಿಯದಕ್ಕೆ ಪೆನಿನ್ಸುಲಾ, ನಾಲ್ಕೂ ಬದಿಯದಕ್ಕೆ ಐಲ್ಯಾಂಡ್ ಎನ್ನುತ್ತಾರೆ. ಸಾಲಿನ ಸ್ಟಾಲು ಸಾಮಾನ್ಯವಾಗಿ 3 ಮೀಟರ್ ಉದ್ದ, 3 ಮೀಟರ್ ಅಗಲ. ಅಲ್ಯೂಮಿನಿಯಂ ಕಂಬಗಳ ನಡುವೆ ಬಿಳಿ ಹಲಗೆ ಸಿಕ್ಕಿಸಿ, ಮೇಲೆ ಹೆಸರಿನ ಪಟ್ಟಿ ಹಾಕಿ, ಒಂದು ಮೇಜು, ಎರಡು ಕುರ್ಚಿ, ಲೈಟು, ಪ್ಲಗ್ಗು ಇಟ್ಟು ಅವರೇ ಕೊಡುತ್ತಾರೆ. ಇದಕ್ಕೆ ಶೆಲ್ ಸ್ಕೀಮ್ ಎನ್ನುತ್ತಾರೆ. ಐಲ್ಯಾಂಡ್ ಹಾಗಲ್ಲ. ಬಹುತೇಕ ಬರಿಯ ನೆಲವನ್ನಷ್ಟೇ ಕೊಡುತ್ತಾರೆ. ನೆಲದ ಮೇಲೆ ಸುಣ್ಣದ ಗೆರೆಯೋ ಟೇಪಿನ ಗುರುತೋ ಇರುತ್ತದೆ, ಉಳಿದದ್ದೆಲ್ಲ ನಿಮ್ಮ ತಲೆಗೆ. ಕಾರ್ಪೆಟ್ ಕೂಡ.

ಓಡುವ ಯಂತ್ರ, ಸುತ್ತಲೂ ನಿಂತು ನೋಡಬೇಕಾದ ಸಾಮಾನು, ಕೈಯಲ್ಲಿ ಮುಟ್ಟಿ ನೋಡಬೇಕಾದ ಸರಕು ಇದ್ದರೆ ಐಲ್ಯಾಂಡ್ ತೆಗೆದುಕೊಳ್ಳಿ. ತಿಪಟೂರಿನ ಕೊಬ್ಬರಿ ಎಣ್ಣೆ ಬಾಟಲಿ, ಉಪ್ಪಿನಕಾಯಿ, ಮಸಾಲೆ ಪುಡಿ ಮಾತ್ರ ಇದ್ದರೆ ಕಾರ್ನರ್ ಸಾಕು. ಬಾಟಲಿಗೆ ಬೆನ್ನಿಗೊಂದು ಶೆಲ್ಫ್ ಬೇಕು. ಐಲ್ಯಾಂಡಿನಲ್ಲಿ ಶೆಲ್ಫ್ ನಿಲ್ಲಿಸಲು ಮತ್ತೆ ಗೋಡೆ ಕಟ್ಟಬೇಕು. ದುಡ್ಡು ಕೊಟ್ಟು ತೆರೆದ ಬದಿ ತೆಗೆದುಕೊಂಡು, ಮತ್ತೆ ದುಡ್ಡು ಕೊಟ್ಟು ಅದನ್ನು ಮುಚ್ಚಿದ ಹಾಗಾಗುತ್ತದೆ, ಅಲ್ವಾ? ವರ್ಷಕ್ಕೆ ಒಂದೇ ಎಕ್ಸ್‌ಪೋ, ಜನ ಬಲವೂ ಕಡಿಮೆ ಎನ್ನುವವರಿಗೂ ಕಾರ್ನರೇ ವಾಸಿ.

ದುಡ್ಡಿನ ಲೆಕ್ಕ

ಜಾಗದ ಬಾಡಿಗೆಯನ್ನು ನೋಡಿ ಬಜೆಟ್ ಆಯಿತು ಎಂದುಕೊಳ್ಳಬೇಡಿ. ಲೆಕ್ಕ ಅರ್ಥವಾಗಲಿ ಅಂತ ಚದರ ಮೀಟರಿಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳೋಣ. 36 ಚದರ ಮೀಟರಿಗೆ 3,60,000. ನಾಲ್ಕು ಬದಿ ತೆರೆದ ಜಾಗಕ್ಕೆ ಹಲವು ಆಯೋಜಕರು ಮೇಲೆ ಇಷ್ಟು ಶೇಕಡಾ ಎಂದು ಸೇರಿಸುತ್ತಾರೆ. 15 ಎಂದುಕೊಂಡರೆ 54,000. ಎರಡೂ ಸೇರಿ 4,14,000. ಅದರ ಮೇಲೆ ಶೇ 18 ಜಿಎಸ್‌ಟಿ, 74,520. ಅಲ್ಲಿಗೆ 4,88,520. ಇನ್ನೂ ಒಂದು ಮೊಳೆಯನ್ನೂ ಹೊಡೆದಿಲ್ಲ.

ಈ ವ್ಯಾಪಾರದಲ್ಲಿ ಇರುವವರು ಹೇಳುವ ಒಂದು ಅಂದಾಜು ಇದೆ. ಜಾಗದ ಬಾಡಿಗೆ ಒಟ್ಟು ಖರ್ಚಿನ ಮೂರನೇ ಒಂದು ಭಾಗ. ನಮ್ಮ ಅನುಭವದಲ್ಲೂ ಹೆಚ್ಚುಕಡಿಮೆ ಹಾಗೇ ಬಂತು. ಉಳಿದ ಎರಡು ಭಾಗ ಸ್ಟಾಲ್ ಕಟ್ಟುವುದು, ಕರೆಂಟು, ಸಾಗಣೆ, ಹುಡುಗರ ಊಟ ವಸತಿ, ಪ್ರಿಂಟಿಂಗ್‌ಗೆ ಹೋಗುತ್ತದೆ. ಬರಿಯ ನೆಲ ತೆಗೆದುಕೊಂಡವರ ಹತ್ತಿರ ಆಯೋಜಕರು ಡೆಪಾಸಿಟ್ ಕೂಡ ಕೇಳಬಹುದು. ಕಸ ಬಿಟ್ಟು ಹೋದರೆ, ನೆಲ ಕೆಡಿಸಿದರೆ ಅದರಲ್ಲಿ ಮುರಿದುಕೊಳ್ಳುತ್ತಾರೆ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಸರಿಯಾಗಿ ಬಂದಿದೆಯಾ ನೋಡಿಕೊಳ್ಳಿ, ಇಲ್ಲಿ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಬಿಡಬಾರದು.

ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ಘಟಕಗಳಿಗೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಪ್ರೊಕ್ಯೂರ್‌ಮೆಂಟ್ ಅಂಡ್ ಮಾರ್ಕೆಟಿಂಗ್ ಸಪೋರ್ಟ್ ಎನ್ನುವ ಯೋಜನೆ ಇದೆ. ಮೇಳಗಳ ಜಾಗದ ಬಾಡಿಗೆಗೆ ನೆರವು ಕೊಡುತ್ತಾರೆ. ಅದಕ್ಕೆ ಮಿತಿ ಇರುತ್ತದೆ. ದೊಡ್ಡ ಜಾಗದ ಪೂರ್ತಿ ಬಾಡಿಗೆ ಬರುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ. ಆದರೆ ಜಾಗ ಬುಕ್ ಮಾಡುವ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಒಮ್ಮೆ ಹೋಗಿ ಕೇಳಿ. ಎಲ್ಲ ಮುಗಿದ ಮೇಲೆ ಬಿಲ್ ಹಿಡಿದುಕೊಂಡು ಹೋದರೆ ಸುಮ್ನೆ ಓಡಾಟ.

ನಕ್ಷೆ ನೋಡುವಾಗ

ಆಯೋಜಕರು ಹಾಲ್‌ನ ನಕ್ಷೆ ಕಳಿಸಿದಾಗ ಎಲ್ಲರೂ ಮೊದಲು ಬಾಗಿಲು ಎಲ್ಲಿದೆ ನೋಡುತ್ತಾರೆ. ನೀವು ಊಟದ ಜಾಗ, ಶೌಚಾಲಯ, ಪಕ್ಕದ ಹಾಲ್‌ಗೆ ಹೋಗುವ ದಾರಿ, ಇವು ಮೂರನ್ನೂ ನೋಡಿ. ಬಾಗಿಲಿಗೆ ತೀರಾ ಹತ್ತಿರದ ಜಾಗ ನನಗಿಷ್ಟವಿಲ್ಲ. ಒಳಗೆ ಬಂದವರು ಇನ್ನೂ ಕುತ್ತಿಗೆಗೆ ಪಾಸ್ ಹಾಕಿಕೊಳ್ಳುತ್ತಾ ಇರುತ್ತಾರೆ, ನಿಲ್ಲುವುದಿಲ್ಲ. ಹಾಲ್‌ನ ಕಂಬ ನಿಮ್ಮ ಜಾಗದೊಳಗೆ ಬರುತ್ತದೆಯಾ, ಬೆಂಕಿ ನಂದಿಸುವ ಪೈಪು ಇದೆಯಾ, ನೆಲದಡಿಯ ಕರೆಂಟಿನ ಗುಂಡಿ ಎಲ್ಲಿದೆ, ಇವನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ತುಮಕೂರಿನ ನಮಗೆ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ಒಂದು ಅನುಕೂಲ. ಮಾದಾವರದಲ್ಲಿ, ನಮ್ಮ ತುಮಕೂರು ರಸ್ತೆಯಲ್ಲೇ ಇದೆ. ನೆಲಮಂಗಲ ದಾಟಿದರೆ ಆಯಿತು, ಸಿಟಿ ಒಳಗೆ ಹೋಗಬೇಕಿಲ್ಲ. 2024ರ ನವೆಂಬರ್‌ನಲ್ಲಿ ಮೆಟ್ರೊ ಹಸಿರು ಮಾರ್ಗ ಮಾದಾವರದವರೆಗೂ ಬಂತು. ಅಲ್ಲಿ ಸ್ಟಾಲ್ ಹಾಕುವವರು ಮೆಟ್ರೊದಿಂದ ನಡೆದು ಬರುವವರು ಯಾವ ಕಡೆಯಿಂದ ಹಾಲ್ ಸೇರುತ್ತಾರೆ, ಕಾರಿನವರು ಯಾವ ಕಡೆಯಿಂದ ಬರುತ್ತಾರೆ ಎಂದು ಒಂದು ಸಲ ನಡೆದೇ ನೋಡಬೇಕು. ಬೇರೆಯವರ ಎಕ್ಸ್‌ಪೋ ನಡೆಯುವಾಗ ಹೋಗಿ ಒಂದು ಗಂಟೆ ನಿಂತರೆ ಸಾಕು.

ಸುಣ್ಣದ ಗೆರೆ

ಜಾಗ ಗೊತ್ತಾದ ಮೇಲೆ ಕಂಪ್ಯೂಟರ್ ಡಿಸೈನಿಗೆ ಓಡಬೇಡಿ. ಶೆಡ್ಡಿನ ಮುಂದೆ 6 ಮೀಟರ್ ಉದ್ದ, 6 ಮೀಟರ್ ಅಗಲಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಯಂತ್ರಗಳನ್ನು ಅದರೊಳಗೆ ತಂದು ಇಡಿ. ರಟ್ಟಿನ ಪೆಟ್ಟಿಗೆ ಜೋಡಿಸಿ ಗೋಡೆ ಎಂದುಕೊಳ್ಳಿ. ಮನೆಯವರನ್ನೂ ಅಕ್ಕಪಕ್ಕದ ವರ್ಕ್‌ಶಾಪಿನವರನ್ನೂ ಕರೆದು ಒಳಗೆ ಓಡಾಡಲು ಹೇಳಿ. ಕಾಗದದ ಮೇಲೆ ವಿಶಾಲವಾಗಿ ಕಂಡದ್ದು ಎಷ್ಟು ಇಕ್ಕಟ್ಟು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಸ್ಟಾಲಿನಲ್ಲಿ ಎಷ್ಟು ಜನ ನಿಲ್ಲಬೇಕು ಎಂಬುದಕ್ಕೂ ಲೆಕ್ಕ ಇದೆ. 36 ಚದರ ಮೀಟರ್ ಅಂದರೆ 387 ಚದರ ಅಡಿ. ಅದರಲ್ಲಿ ಯಂತ್ರ, ಮೇಜು, ನಡುವೆ ನಿಲ್ಲಿಸುವ ಗೋಪುರಕ್ಕೆ ಶೇ 40 ಹೋದರೆ ಸುಮಾರು 230 ಚದರ ಅಡಿ ಉಳಿಯುತ್ತದೆ. 50 ಚದರ ಅಡಿಗೆ ಒಬ್ಬ ಎಂದರೆ ನಿಮ್ಮ ಕಡೆಯವರು ನಾಲ್ಕೈದು ಜನ. ಅದಕ್ಕಿಂತ ಜಾಸ್ತಿ ನಿಂತರೆ ಬಂದವರಿಗೆ ಜಾಗವಿಲ್ಲ. ಎಂಟು ಜನ ಒಂದೇ ಬಣ್ಣದ ಟೀ ಶರ್ಟ್ ಹಾಕಿ ಗುಂಪಾಗಿ ನಿಂತಿರುವ ಸ್ಟಾಲ್ ನೋಡಿದ್ದೇನೆ. ಗಿರಾಕಿ ದೂರದಿಂದಲೇ ನೋಡಿ ಮುಂದೆ ಹೋಗುತ್ತಾನೆ.

ನಡುವೆ ಏನು ನಿಲ್ಲಿಸುತ್ತೀರಿ?

ಇಡೀ ಕೆಲಸದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಇದಕ್ಕೇ. ಹಿಂಗೋಡೆ ಇಲ್ಲದಿದ್ದರೂ ಅದು ಮಾಡುತ್ತಿದ್ದ ಕೆಲಸಗಳು ಹಾಗೇ ಉಳಿಯುತ್ತವೆ. ಹೆಸರು ಕಾಣಬೇಕು. ವೈರು, ಸ್ವಿಚ್ ಬೋರ್ಡು ಎಲ್ಲಾದರೂ ಅಡಗಬೇಕು. ನೀರು, ಕರಪತ್ರದ ಕಟ್ಟು, ಟೂಲ್ ಬಾಕ್ಸ್, ಊಟದ ಡಬ್ಬಿ, ಬ್ಯಾಗುಗಳಿಗೆ ಮರೆ ಬೇಕು. ಇದನ್ನೆಲ್ಲ ನಡುವಿನ ಒಂದು ಗೋಪುರಕ್ಕೆ ವಹಿಸಬೇಕಾಗುತ್ತದೆ. ಒಳಗೆ ಸಣ್ಣ ಸ್ಟೋರ್, ಹೊರಗೆ ನಾಲ್ಕು ಮುಖ.

ಅಳತೆಗೆ ಬರೋಣ. 6 ಮೀಟರ್ ಚೌಕದ ನಡುವೆ 2 ಮೀಟರ್ ಚೌಕದ ಗೋಪುರ ನೇರವಾಗಿ ನಿಲ್ಲಿಸಿದರೆ ಪ್ರತಿ ಬದಿಗೂ 2 ಮೀಟರ್ ಉಳಿಯುತ್ತದೆ. ಅಲ್ಲಿ ಒಂದು ಮೀಟರಿನ ಯಂತ್ರ ಇಟ್ಟರೆ ಜನ ನಿಲ್ಲಲು ಇನ್ನೊಂದು ಮೀಟರ್. ಹತ್ತು ಜನ ಸೇರಿದರೆ ದಾರಿಗೆ ಬರುತ್ತಾರೆ, ಪಕ್ಕದವರು ಜಗಳಕ್ಕೆ ಬರುತ್ತಾರೆ. ಎರಡನೇ ವರ್ಷ ನಾವು ಅದೇ ಗೋಪುರವನ್ನು ಓರೆಯಾಗಿ ತಿರುಗಿಸಿ, ಅದರ ಮುಖಗಳು ಸ್ಟಾಲಿನ ನಾಲ್ಕು ಮೂಲೆಗೆ ಬರುವ ಹಾಗೆ ನಿಲ್ಲಿಸಿದೆವು. ಗೋಪುರದ ಮುಖದಿಂದ ಸ್ಟಾಲಿನ ಮೂಲೆಗೆ 3 ಮೀಟರಿಗೂ ಜಾಸ್ತಿ ಸಿಕ್ಕಿತು. ಪ್ರತಿ ಮೂಲೆಯೂ ಒಂದೊಂದು ಸಣ್ಣ ಅಂಗಳ. ಎರಡರಲ್ಲಿ ಯಂತ್ರ, ಒಂದರಲ್ಲಿ ಕೂತು ಮಾತಾಡಲು ಮೇಜು, ಇನ್ನೊಂದು ಖಾಲಿ. ಆ ಖಾಲಿ ಮೂಲೆಯಿಂದಲೇ ಜನ ಜಾಸ್ತಿ ಒಳಗೆ ಬಂದರು. ಅದನ್ನೂ ತುಂಬಿಸೋಣ ಎಂದು ನಮ್ಮ ಹುಡುಗರು ದಿನಾ ಕೇಳುತ್ತಿದ್ದರು. ನಾನು ಬಿಡಲಿಲ್ಲ.

ಸ್ಟೋರಿನ ಬಾಗಿಲು ಗೋಡೆಯ ಬಣ್ಣದಲ್ಲೇ ಇರಲಿ. ಹಿಡಿ ಕಾಣದ ಹಾಗೆ, ಒತ್ತಿದರೆ ತೆರೆಯುವ ಬೀಗ ಹಾಕಿಸಿ. ಒಳಗೆ ಒಬ್ಬ ಮನುಷ್ಯ ತಿರುಗುವಷ್ಟು ಜಾಗ, ಒಂದು ಫ್ಯಾನು ಇರಲಿ. ಮಾತಾಡುವ ಮೇಜನ್ನು ಪೂರ್ತಿ ಮುಚ್ಚಿದ ರೂಮು ಮಾಡಬೇಡಿ. ಹಲವು ಆಯೋಜಕರ ನಿಯಮದಲ್ಲೇ ಐಲ್ಯಾಂಡಿನ ಬದಿಗಳನ್ನು ಇಷ್ಟಕ್ಕಿಂತ ಹೆಚ್ಚು ಮುಚ್ಚಬಾರದು ಎಂದು ಇರುತ್ತದೆ. ಎತ್ತರಕ್ಕೂ ಮಿತಿ ಇರುತ್ತದೆ. ಛಾವಣಿಯಿಂದ ಬ್ಯಾನರ್ ಇಳಿಬಿಡಲು ಬೇರೆ ಅನುಮತಿ, ಬೇರೆ ದುಡ್ಡು. ಎರಡು ಅಂತಸ್ತಿನ ಸ್ಟಾಲ್ ಕಟ್ಟುವವರಿಗೆ ಎಂಜಿನಿಯರಿಂದ ಗಟ್ಟಿತನದ ಸರ್ಟಿಫಿಕೇಟ್ ಕೇಳುತ್ತಾರೆ. ಇದೆಲ್ಲ ಆಯೋಜಕರು ಕೊಡುವ ನಿಯಮದ ಪುಸ್ತಕದಲ್ಲಿ, ಅಂದರೆ ಎಕ್ಸಿಬಿಟರ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದನ್ನು ನೀವೇ ಓದಿ, ಕಟ್ಟುವವರು ಓದಿರುತ್ತಾರೆ ಎಂದು ನಂಬಬೇಡಿ.

ಅಕ್ಷರ

ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎನ್ನುವುದು ಬೋರ್ಡ್ ಬರೆಯುವವರ ಹಳೆಯ ಲೆಕ್ಕ. ಐವತ್ತು ಅಡಿಗೆ ಐದು ಇಂಚು. ಇದು ಇಂಗ್ಲಿಷ್ ದೊಡ್ಡಕ್ಷರಕ್ಕೆ ಸರಿ. ಕನ್ನಡಕ್ಕೆ ಒತ್ತು, ಕೊಂಬು, ಗುಡಿಸು ಎಲ್ಲ ಅದೇ ಎತ್ತರದಲ್ಲಿ ಹಿಡಿಸಬೇಕಲ್ಲ, ಹಾಗಾಗಿ ನಾನು ಒಂದೂವರೆ ಪಟ್ಟು ಮಾಡಿಸುತ್ತೇನೆ. ಹೆಸರು ಗೋಪುರದ ಮೇಲ್ಭಾಗದಲ್ಲಿ, ನಾಲ್ಕೂ ಮುಖಕ್ಕೆ ಬರಲಿ. ಎದೆಮಟ್ಟದಲ್ಲಿ ಬರೆಸಿದ ಹೆಸರನ್ನು ನಿಂತ ಜನರೇ ಮುಚ್ಚಿಬಿಡುತ್ತಾರೆ.

ಇನ್ನೊಂದು ಮಾತು. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಡಿಸೈನರಿಗೆ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತದೆ. ಪ್ರಿಂಟಿಗೆ ಹೋಗುವ ಕೊನೆಯ ಫೈಲಿನ ಪಿಡಿಎಫ್ ತರಿಸಿಕೊಂಡು ಕನ್ನಡ ಬಲ್ಲವರಿಂದ ಓದಿಸಿ. ಓದದೆ ಬಿಟ್ಟ ವರ್ಷ ನಮ್ಮ ಗೋಡೆಯ ಮೇಲೆ "ಯಂತ್ರ" ಇರಲಿಲ್ಲ, "ಯಂತರ್" ಇತ್ತು.

ಎಲ್‌ಇಡಿ ಪರದೆ ಹಾಕಿಸುವುದಾದರೆ ಪಿ2.5, ಪಿ3 ಎಂಬ ನಂಬರ್ ಕೇಳಿ. ಅದು ಚುಕ್ಕಿಯಿಂದ ಚುಕ್ಕಿಗೆ ಇರುವ ದೂರ, ಮಿಲಿಮೀಟರಿನಲ್ಲಿ. ಪಿ3 ಎಂದರೆ ಸುಮಾರು ಮೂರು ಮೀಟರ್ ದೂರ ನಿಂತರೆ ಚೆನ್ನಾಗಿ ಕಾಣುತ್ತದೆ. ಸಣ್ಣ ಸ್ಟಾಲಿನಲ್ಲಿ ಪಿ5 ಹಾಕಿಸಿದರೆ ಹತ್ತಿರ ಬಂದವರಿಗೆ ಬರೀ ಚುಕ್ಕಿ.

ನೆಲ, ಚಪ್ಪಲಿ

ವೈರು ಅಡಗಲಿ ಎಂದು ಕಟ್ಟುವವರು ನಾಲ್ಕು ಇಂಚಿನ ಮರದ ಪ್ಲಾಟ್‌ಫಾರ್ಮ್ ಹಾಕಿ ಎನ್ನುತ್ತಾರೆ. ಕಾರಣ ಸರಿಯಾದದ್ದೇ. ನಾವೂ ಹಾಕಿಸಿ ಮೇಲೆ ಬಿಳಿ ಕಾರ್ಪೆಟ್ ಹೊದಿಸಿದೆವು. ನೋಡಲು ಲಕ್ಷಣವಾಗಿತ್ತು. ಬೆಳಿಗ್ಗೆ ಬಂದ ಮೊದಲ ರೈತರು ಅಂಚಿನಲ್ಲಿ ನಿಂತು, "ಚಪ್ಪಲಿ ಇಲ್ಲೇ ಬಿಡಬೇಕಾ ಸ್ವಾಮಿ?" ಎಂದರು. ಬೇಡ ಬನ್ನಿ ಎಂದರೂ ಬಿಟ್ಟೇ ಬಂದರು. ಹತ್ತು ಗಂಟೆಗೆ ಸ್ಟಾಲಿನ ಸುತ್ತ ಚಪ್ಪಲಿ ಸಾಲು. ಕೇಳಿದವರು ಒಳಗೆ ಬಂದರು, ಕೇಳದೆ ಹೋದವರು ಎಷ್ಟೋ. ಮೆಟ್ಟಿಲಿನಂತೆ ಕಾಣುವ ಅಂಚು ನಮ್ಮ ಜನಕ್ಕೆ ಹೊಸಿಲು. ಹೊಸಿಲು ಕಂಡರೆ ನಿಲ್ಲುತ್ತಾರೆ.

ಈಗ ಯಂತ್ರ ಇರುವ ಭಾಗಕ್ಕೆ ಪ್ಲಾಟ್‌ಫಾರ್ಮ್ ಹಾಕಿಸುವುದಿಲ್ಲ. ಗೋಪುರದ ಸುತ್ತ ಮಾತ್ರ, ಅದಕ್ಕೂ ಒಂದು ಕಡೆ ಇಳಿಜಾರು. ಕಾರ್ಪೆಟ್ ಮಣ್ಣಿನ ಬಣ್ಣದ್ದು. ದಾರಿಯ ಕಾರ್ಪೆಟ್ಟಿಗೂ ನಮ್ಮದಕ್ಕೂ ಬಣ್ಣ ಹತ್ತಿರ ಇದ್ದರೆ ಜನ ಗೊತ್ತಿಲ್ಲದೆಯೇ ಒಳಗೆ ಬಂದಿರುತ್ತಾರೆ.

ಕರೆಂಟು

ಯಂತ್ರ ಓಡಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕರೆಂಟನ್ನು ಕಿಲೋವ್ಯಾಟ್ ಲೆಕ್ಕದಲ್ಲಿ ಮುಂಚೆಯೇ ಬುಕ್ ಮಾಡಬೇಕು. ಒಂದು ಹೆಚ್‌ಪಿ ಎಂದರೆ 0.746 ಕಿಲೋವ್ಯಾಟ್. ಎರಡು ಹೆಚ್‌ಪಿಯ ಎರಡು ಯಂತ್ರಕ್ಕೆ 3 ಕಿಲೋವ್ಯಾಟ್, ಲೈಟು ಪರದೆಗೆ ಬೇರೆ. ಆದರೆ ಮೋಟರ್ ನೇರವಾಗಿ ಶುರುವಾಗುವ ಕ್ಷಣದಲ್ಲಿ ಐದರಿಂದ ಏಳು ಪಟ್ಟು ಕರೆಂಟ್ ಎಳೆಯುತ್ತದೆ. ಲೆಕ್ಕಕ್ಕೆ ಬಂದಷ್ಟೇ ತೆಗೆದುಕೊಂಡರೆ ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಆರುವ ಸ್ವಿಚ್) ಬಿದ್ದು, ನಿಮ್ಮ ಯಂತ್ರದ ಜೊತೆ ನಿಮ್ಮ ಲೈಟೂ ಆರುತ್ತದೆ. ಯಂತ್ರಕ್ಕೆ ಒಂದು ಲೈನು, ಲೈಟಿಗೆ ಇನ್ನೊಂದು ಲೈನು ಕೇಳಿ. ಎರಡು ಯಂತ್ರವನ್ನು ಒಟ್ಟಿಗೆ ಆನ್ ಮಾಡಬೇಡಿ. ಸ್ಟಾಲ್ ಕಟ್ಟುವ ದಿನಗಳ ಕರೆಂಟಿಗೆ ಬೇರೆ ಅರ್ಜಿ ಇರಬಹುದು. ಫ್ರಿಜ್ ಇರುವವರು ರಾತ್ರಿಯೂ ಲೈನ್ ಇರುತ್ತದೆಯಾ ಕೇಳಿ, ಹಾಲ್ ಮುಚ್ಚಿದ ಮೇಲೆ ಕಟ್ ಮಾಡುವುದು ರೂಢಿ.

ಅಡಿಕೆ ಸುಲಿದರೆ ಧೂಳು ಏಳುತ್ತದೆ. ಕಿಟಕಿ ಇಲ್ಲದ ಎಸಿ ಹಾಲ್‌ನಲ್ಲಿ ಅದು ಪಕ್ಕದವರ ಚಹಾಕ್ಕೆ ಬೀಳುತ್ತದೆ. ಸಿಪ್ಪೆ ಬೀಳುವ ಕಡೆ ಚೀಲ ಕಟ್ಟಿ. ಗಂಟೆಗೊಂದು ಸಲ ಹತ್ತು ನಿಮಿಷ ಓಡಿಸಿದರೆ ಸಾಕು. ಶಬ್ದ ಕೇಳಿ ಜನ ತಾವೇ ಬರುತ್ತಾರೆ.

ಕಟ್ಟುವವರನ್ನು ಆರಿಸುವುದು

ಕಟ್ಟುವವರು ತೋರಿಸುವ 3ಡಿ ಚಿತ್ರಕ್ಕೆ ಮರುಳಾಗಬೇಡಿ. ಅದರಲ್ಲಿ ಕೋಟು ಹಾಕಿದ ನಾಲ್ಕೇ ಜನ ಇರುತ್ತಾರೆ, ನೀರಿನ ಕ್ಯಾನು ಇರುವುದೇ ಇಲ್ಲ. ನೀವು ಕೇಳಬೇಕಾದದ್ದು ನಾಲ್ಕು ದಿಕ್ಕಿನಿಂದ ನಾಲ್ಕು ಚಿತ್ರ, ಮೇಲಿನಿಂದ ಒಂದು ಅಳತೆಯ ನಕ್ಷೆ. ನಾಲ್ಕನೇ ಚಿತ್ರ ಕೊಡಲು ತಡವರಿಸಿದರೆ ಆ ಕಡೆಗೆ ಏನೂ ಯೋಚಿಸಿಲ್ಲ ಎಂದರ್ಥ.

ಮರದಲ್ಲಿ ಕಟ್ಟಿದ್ದು ಚೆಂದ ಕಾಣುತ್ತದೆ, ಆದರೆ ಬಹುತೇಕ ಒಂದೇ ಸಲಕ್ಕೆ, ಆಮೇಲೆ ಒಡೆದು ಲಾರಿಗೆ. ಅಲ್ಯೂಮಿನಿಯಂ ಚೌಕಟ್ಟಿಗೆ ಬಟ್ಟೆಯ ಪ್ರಿಂಟ್ ಎಳೆದು ಕೂರಿಸುವ ಥರ ಇನ್ನೊಂದು. ಚೌಕಟ್ಟು ವರ್ಷಾನುಗಟ್ಟಲೆ ಬರುತ್ತದೆ, ಬಟ್ಟೆ ಮಾತ್ರ ಬದಲಿಸಬಹುದು, ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡು ಬರಬಹುದು. ವರ್ಷಕ್ಕೆ ಒಂದು ಎಕ್ಸ್‌ಪೋ ಎನ್ನುವವರು ಬಾಡಿಗೆಗೆ ತೆಗೆದುಕೊಳ್ಳಿ. ಮೂರಕ್ಕಿಂತ ಜಾಸ್ತಿ ಹೋಗುವವರು ಚೌಕಟ್ಟು ಕೊಳ್ಳುವುದೇ ಲಾಭ. ಆದರೆ 36 ಚದರ ಮೀಟರಿಗೆ ಕೊಂಡದ್ದು ಮುಂದಿನ ಸಲ 18 ಚದರ ಮೀಟರಿನ ಕಾರ್ನರಿಗೂ ಹೊಂದುವ ಹಾಗೆ ತುಂಡು ತುಂಡಾಗಿ ಮಾಡಿಸಿ.

ಹಣವನ್ನು ಮೂರು ಕಂತಿನಲ್ಲಿ ಕೊಡಿ. ಕೊನೆಯ ಕಂತು ಸ್ಟಾಲ್ ಕೈಗೆ ಬಂದ ಮೇಲೆ, ಲೈಟೆಲ್ಲ ಉರಿದ ಮೇಲೆ. ಒಂದು ವರ್ಷ ಪೂರ್ತಿ ಮುಂಗಡ ಕೊಟ್ಟು, ಉದ್ಘಾಟನೆಯ ಬೆಳಿಗ್ಗೆ ನಾನೇ ಏಣಿ ಹತ್ತಿ ಬಲ್ಬ್ ಹಾಕಿದ್ದೇನೆ.

ಹೊರಡುವುದು, ಬಿಚ್ಚುವುದು

ಪ್ರದರ್ಶನಕ್ಕೆ ಒಯ್ಯುವ ಯಂತ್ರ ಮಾರಾಟದ ಸರಕಲ್ಲ. ಮಾರಾಟದ ಬಿಲ್ ಬದಲು ಡೆಲಿವರಿ ಚಲನ್ ಬರೆದು, ಮೌಲ್ಯ 50,000 ರೂಪಾಯಿ ಮೀರಿದರೆ ಸರಕು ಸಾಗಣೆಗೆ ಬೇಕಾದ ಜಿಎಸ್‌ಟಿಯ ಇ-ವೇ ಬಿಲ್ ಮಾಡಿಸಿ. ಚಲನ್‌ನಲ್ಲಿ ಸೀರಿಯಲ್ ನಂಬರ್ ಬರೆಯಿರಿ, ವಾಪಸ್ ತರುವಾಗ ಗೇಟಿನಲ್ಲಿ ಅದನ್ನೇ ನೋಡುತ್ತಾರೆ. ಭಾರದ ಯಂತ್ರ ಮೊದಲು ಒಳಗೆ ಹೋಗಬೇಕು, ಆಮೇಲೆ ಗೋಪುರ. ಗೋಪುರ ನಿಂತ ಮೇಲೆ ಫೋರ್ಕ್‌ಲಿಫ್ಟ್ ತಿರುಗಲು ಜಾಗ ಇರುವುದಿಲ್ಲ. ನಾವು ಬೆಳಿಗ್ಗೆ ಐದಕ್ಕೆ ಹೊರಡುತ್ತೇವೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಡ್ರೈವರ್ ಗಾಡಿ ಮುಂದಕ್ಕೆ ಬಿಡುವುದಿಲ್ಲ, ಆ ಅರ್ಧ ಗಂಟೆಯನ್ನೂ ಲೆಕ್ಕಕ್ಕೆ ಹಿಡಿದಿರುತ್ತೇನೆ.

ಪ್ರದರ್ಶನದ ದಿನಗಳಲ್ಲಿ ನಿಮ್ಮವರು ಸ್ಟಾಲಿನ ನಡುವೆ ಕೂರದೆ ಆಚೆ ಈಚೆ ನಿಲ್ಲಲಿ, ಒಬ್ಬೊಬ್ಬರಿಗೆ ಒಂದೊಂದು ಮೂಲೆ. ಬಂದವರ ಹೆಸರಿನ ಜೊತೆ ಊರು, ಎಷ್ಟು ಎಕರೆ ತೋಟ, ಯಾವಾಗ ಬೇಕು ಎಂದು ಮೂರೇ ಸಾಲು ಬರೆದುಕೊಳ್ಳಿ. ಬರೀ ವಿಸಿಟಿಂಗ್ ಕಾರ್ಡ್ ಗುಡ್ಡೆ ಹಾಕಿಕೊಂಡು ಬಂದರೆ ವಾರದ ಮೇಲೆ ಯಾರು ಯಾರೆಂದು ನೆನಪಿರುವುದಿಲ್ಲ.

ಕೊನೆಯ ದಿನ ಸಂಜೆ ಎಲ್ಲರಿಗೂ ಮನೆಗೆ ಹೋಗುವ ಆತುರ. ಸಾಮಾನು ಕಳೆಯುವುದು ಆಗಲೇ. ನಾಲ್ಕು ಕಡೆಯಿಂದಲೂ ಯಾರು ಬೇಕಾದರೂ ಒಳಗೆ ಬರಬಹುದಾದ ಸ್ಟಾಲು ಇದು, ನೆನಪಿರಲಿ. ಲ್ಯಾಪ್‌ಟಾಪ್, ಟೂಲ್ ಬಾಕ್ಸ್, ಎಂಕ್ವೈರಿ ಪುಸ್ತಕ ಮೂರನ್ನೂ ಗೋಪುರದ ಸ್ಟೋರಿಗೆ ಹಾಕಿ ಬೀಗ ಹಾಕಿ, ಬಾಗಿಲ ಮುಂದೆ ಒಬ್ಬನನ್ನು ನಿಲ್ಲಿಸಿ. ಗೇಟ್ ಪಾಸನ್ನು ಮಧ್ಯಾಹ್ನವೇ ಮಾಡಿಸಿ ಇಟ್ಟುಕೊಳ್ಳಿ. ಆರು ಗಂಟೆಯ ಮೇಲೆ ಆ ಕೌಂಟರಿನ ಮುಂದೆ ಕ್ಯೂ ಹಾಲ್‌ನ ಬಾಗಿಲವರೆಗೂ ಇರುತ್ತದೆ.